ಜಲನಿರೋಧಕ ಕಿರು ಬ್ಲೂಟೂತ್ ಸ್ಪೀಕರ್

ಮೊಬೈಲಿನಲ್ಲಿರುವ ಹಾಡು, ಮಾತು, ಪ್ರವಚನಗಳನ್ನು ತಂತಿಯಿಲ್ಲದೆ ಪಡೆದು, ತನ್ನದೇ ಬ್ಯಾಟರಿಯ ಬಲದಿಂದ ನುಡಿಸುವ, ನೀರು ಒಳಗೆ ಇಳಿಯದಂತೆ ಮುಚ್ಚಿ ಕಟ್ಟಿದ ಸಣ್ಣ ಧ್ವನಿಪೆಟ್ಟಿಗೆ. ತೂಕ ಸಾಮಾನ್ಯವಾಗಿ 200ರಿಂದ 600 ಗ್ರಾಂ. ಅಂಗೈ ಮೇಲೆ ಕೂರುವ ಚೌಕದಿಂದ ಹಿಡಿದು ನೀರಿನ ಬಾಟಲಿಯಷ್ಟು ಉದ್ದದ ಕೊಳವೆಯವರೆಗೆ ಇದರ ಆಕಾರಗಳಿವೆ. ಇದರ ಒಂದೊಂದು ಗುಣವೂ ಒಂದೊಂದು ಮಿತಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಸಣ್ಣದಾಗಿರುವುದರಿಂದ ಮಂದ್ರ ಸ್ವರ ಸೊರಗುತ್ತದೆ. ಬಿಗಿಯಾಗಿ ಮುಚ್ಚಿರುವುದರಿಂದ ದುರಸ್ತಿ ಕಷ್ಟವಾಗುತ್ತದೆ. ಈ ಲೇಖನ ಆ ಗುಣ-ಮಿತಿಗಳನ್ನು ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ತೊಗರ್ಸಿ ಮತ್ತು ನೆರೆಯ ಸೊರಬ ತಾಲ್ಲೂಕಿನ ಬಳಕೆಯನ್ನು ಎದುರಿಗಿಟ್ಟುಕೊಂಡು ನೋಡುತ್ತದೆ.

ತೊಗರ್ಸಿ ಮಲ್ಲಿಕಾರ್ಜುನ ದೇವಾಲಯದಿಂದ ಹೆಸರಾದ ಊರು. ಹತ್ತಿರದ ಪೇಟೆ ಶಿರಾಳಕೊಪ್ಪ. ಶಾಸನಗಳಿಗೆ ಹೆಸರಾದ ತಾಳಗುಂದ, ಬಳ್ಳಿಗಾವಿಗಳು ಇದೇ ಸೀಮೆಯವು. ಇದು ಅರೆಮಲೆನಾಡು. ಪಶ್ಚಿಮಕ್ಕೆ ಸೊರಬದ ಕಡೆ ಹೋದಷ್ಟೂ ಮಳೆ ಹೆಚ್ಚು, ಪೂರ್ವಕ್ಕೆ ಸರಿದಷ್ಟೂ ಬಯಲಿನ ಬಿಸಿಲು. ಅಡಿಕೆ ತೋಟ, ಭತ್ತದ ಗದ್ದೆ, ಜೋಳದ ಹೊಲ ಮೂರೂ ಒಂದೇ ಹೋಬಳಿಯಲ್ಲಿ ಸಿಗುತ್ತವೆ. ಆಷಾಢದ ಗಾಳಿಮಳೆಗೆ ಕೊಂಬೆ ಬಿದ್ದು ಕರೆಂಟು ಹೋಗುವುದು ಇಲ್ಲಿ ವರ್ಷವೂ ನಡೆಯುವ ಸಂಗತಿ. ಕೆಸರು, ಮಳೆ, ಆರ್ದ್ರತೆ, ಬೇಸಿಗೆಯ ದೂಳು ಒಂದೇ ವರ್ಷದಲ್ಲಿ ಎದುರಾಗುವ ಇಂಥ ನೆಲದಲ್ಲಿ ‘ವಾಟರ್‌ಪ್ರೂಫ್’ ಎಂಬ ಮಾತಿಗೆ ಎಷ್ಟು ಬೆಲೆ ಎಂಬುದು ಬೇಗ ಗೊತ್ತಾಗುತ್ತದೆ.

ಹಿನ್ನೆಲೆ

ಕರ್ನಾಟಕದಲ್ಲಿ ಗಾಳಿಯಲ್ಲಿ ಬರುವ ದನಿಯ ಚರಿತ್ರೆ 1935ರ ಸೆಪ್ಟೆಂಬರ್ 10ರಂದು ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ಕೇಂದ್ರದಿಂದ ಶುರುವಾಗುತ್ತದೆ. ಹಳ್ಳಿಗಳಿಗೆ ಅದು ನಿಜವಾಗಿ ತಲುಪಿದ್ದು ಟ್ರಾನ್ಸಿಸ್ಟರ್ ರೇಡಿಯೊ ಬಂದ ಮೇಲೆ. ಶಿವಮೊಗ್ಗ ಸೀಮೆಯ ಹಿರಿಯರಿಗೆ ರೇಡಿಯೊ ಎಂದರೆ ಭದ್ರಾವತಿ ಆಕಾಶವಾಣಿ. ಆಮೇಲೆ ಕ್ಯಾಸೆಟ್ ಬಂತು. 1978ರ ‘ನಿತ್ಯೋತ್ಸವ’ ಕನ್ನಡ ಭಾವಗೀತೆಯನ್ನು ಟೇಪ್‌ರೆಕಾರ್ಡರಿಗೆ ತಂದಿತು. ಕ್ಯಾಸೆಟ್ಟಿನ ನಂತರ ಸಿಡಿ, ಅದರ ನಂತರ ಮೆಮೊರಿ ಕಾರ್ಡು. ಪೇಟೆಯ ಮೊಬೈಲ್ ಅಂಗಡಿಯಲ್ಲಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬರುವುದು ಕೆಲ ವರ್ಷ ಎಲ್ಲ ಊರುಗಳ ರೂಢಿಯಾಗಿತ್ತು.

ಬ್ಲೂಟೂತ್ ತಂತ್ರಜ್ಞಾನ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ 1994ರ ಸುಮಾರಿಗೆ ಯಾಪ್ ಹಾರ್ಟ್ಸೆನ್ ಮತ್ತು ಸಂಗಡಿಗರಿಂದ ರೂಪುಗೊಂಡಿತು. 1998ರಲ್ಲಿ ಎರಿಕ್ಸನ್, ನೋಕಿಯಾ, ಇಂಟೆಲ್, ಐಬಿಎಂ, ತೋಷಿಬಾ ಸೇರಿ ಇದಕ್ಕೊಂದು ಸಂಘ ಕಟ್ಟಿದವು. ಭಾರತದಲ್ಲಿ ಇದು ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಗೆ 2005ರಲ್ಲಿ ಪರವಾನಗಿ ವಿನಾಯಿತಿ ಸಿಕ್ಕಿತು. ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿದ್ದ ಕಾಲವನ್ನು ಕಂಡವರು ಈ ವಿನಾಯಿತಿಯ ಮಹತ್ವ ಬಲ್ಲರು. 2010ರ ಜಾಬೋನ್ ಜಾಮ್‌ಬಾಕ್ಸ್, 2012ರ ಜೆಬಿಎಲ್ ಫ್ಲಿಪ್, 2013ರ ಯುಇ ಬೂಮ್ ಈ ಬಗೆಯ ಸ್ಪೀಕರನ್ನು ಮನೆಮಾತಾಗಿಸಿದವು. ನೀರಿನಲ್ಲಿ ಮುಳುಗಿದರೂ ಉಳಿಯುವ ಮಾದರಿಗಳು 2015ರಿಂದ ಈಚೆಗೆ ಸಾಮಾನ್ಯವಾದವು. ಜೆಬಿಎಲ್ ಗೋ ಮೊದಲ ಮಾದರಿಗೆ (2015) ನೀರಿನ ರಕ್ಷಣೆ ಇರಲಿಲ್ಲ. ಗೋ 2 (2018) ನೀರನ್ನು ತಡೆಯಿತು, ಗೋ 3 (2020) ನೀರು-ದೂಳು ಎರಡನ್ನೂ ತಡೆಯಿತು. 2016ರಲ್ಲಿ ಶುರುವಾದ ಭಾರತದ ಬೋಟ್ ಕಂಪನಿಯ ಸ್ಟೋನ್ ಸರಣಿಯಂಥವು ಇದೇ ಬಗೆಯನ್ನು ಕಡಿಮೆ ಬೆಲೆಗೆ ಸಣ್ಣ ಪೇಟೆಗಳಿಗೂ ತಂದವು.

ತರಂಗದ ಓಟ

ಮೊಬೈಲು ಹಾಡನ್ನು ಕುಗ್ಗಿಸಿ, ತುಂಡು ಮಾಡಿ, 2.402ರಿಂದ 2.480 ಗಿಗಾಹರ್ಟ್ಸ್ ನಡುವಿನ 79 ದಾರಿಗಳಲ್ಲಿ ಸೆಕೆಂಡಿಗೆ 1600 ಸಲ ದಾರಿ ಬದಲಿಸುತ್ತ ಕಳಿಸುತ್ತದೆ. ಮನೆಯ ವೈ-ಫೈ ಅದೇ ಪಟ್ಟಿಯಲ್ಲಿದ್ದರೂ ಹಾಡು ಕಡಿಯದಿರುವುದು ಈ ಜಿಗಿತದಿಂದ. ಇದಕ್ಕೆ ಇಂಟರ್‌ನೆಟ್ ಬೇಡ. ಟವರ್ ಸಿಗದ ತೋಟದಲ್ಲೂ ಮೊಬೈಲಿನಲ್ಲಿ ಇಳಿಸಿಟ್ಟ ಹಾಡು ನುಡಿಯುತ್ತದೆ.

ಕಂಪನಿಗಳು ಹೇಳುವ ದೂರ ಸಾಮಾನ್ಯವಾಗಿ 10 ಮೀಟರ್, ಅದೂ ಅಡ್ಡಿಯಿಲ್ಲದ ಬಯಲಲ್ಲಿ. 2.4 ಗಿಗಾಹರ್ಟ್ಸ್ ತರಂಗವನ್ನು ನೀರು ಹೀರಿಕೊಳ್ಳುತ್ತದೆ. ಮನುಷ್ಯನ ಮೈ ಬಹುಪಾಲು ನೀರೇ ಆದ್ದರಿಂದ ಮೊಬೈಲನ್ನು ಹಿಂದಿನ ಜೇಬಿನಲ್ಲಿಟ್ಟು ಸ್ಪೀಕರಿಗೆ ಎದುರಾಗಿ ನಿಂತರೂ ಹಾಡು ತಡವರಿಸಬಹುದು. ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ, ಮಳೆಗೆ ತೊಯ್ದ ಅಡಿಕೆ ಸೋಗೆ, ಬಾಳೆಯ ಗುಂಪು ಎಲ್ಲವೂ ದೂರವನ್ನು ತಗ್ಗಿಸುತ್ತವೆ. ಮುಳುಗಿದರೂ ಕೆಡದ ಸ್ಪೀಕರು ನೀರಿನಡಿ ಹೋದ ಕೂಡಲೇ ಮೊಬೈಲಿನ ನಂಟು ಕಳೆದುಕೊಂಡು ಸುಮ್ಮನಾಗುತ್ತದೆ. ನೀರಿನಲ್ಲಿ ಬದುಕಿ ಉಳಿಯುತ್ತದೆ, ಹಾಡುವುದಿಲ್ಲ.

‘ಬ್ಲೂಟೂತ್ 5’ ಎಂದು ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವುದನ್ನು ನೋಡಿ ದೂರ ನಾಲ್ಕು ಪಟ್ಟಾಯಿತು ಎಂದುಕೊಳ್ಳುವವರಿದ್ದಾರೆ. 2016ರ ಆ ಆವೃತ್ತಿ ದೂರ ಹೆಚ್ಚಿಸಿದ್ದು ಕಡಿಮೆ ವಿದ್ಯುತ್ ಬಳಸುವ ಬೇರೊಂದು ಮಾರ್ಗಕ್ಕೆ. ಹಾಡು ಬಹುತೇಕ ಸ್ಪೀಕರುಗಳಲ್ಲಿ ಇನ್ನೂ ಹಳೆಯ ಮಾರ್ಗದಲ್ಲೇ ಹರಿಯುತ್ತದೆ.

ಇನ್ನೊಂದು ಮಿತಿ ತಡ. ಹಾಡು ಕುಗ್ಗಿಸಿ, ಕಳಿಸಿ, ಬಿಡಿಸಿ ನುಡಿಸುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಐದನೇ ಒಂದು ಭಾಗದವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಳೆಯುತ್ತದೆ. ಸಿನಿಮಾ ನೋಡುವಾಗ ಮೊಬೈಲು ಚಿತ್ರವನ್ನೇ ಅಷ್ಟು ತಡೆದು ಸರಿದೂಗಿಸುತ್ತದೆ. ಆದರೆ ಕೀಬೋರ್ಡ್ ನುಡಿಸುವವರು ಅದರ ದನಿಯನ್ನು ಬ್ಲೂಟೂತ್ ಮೂಲಕ ಕೇಳಿಕೊಂಡು ತಾಳ ಹಿಡಿಯಲಾರರು. ಬೆರಳು ಮುಂದೆ, ದನಿ ಹಿಂದೆ ಆಗುತ್ತದೆ. ಒಂದೇ ಸಮ ಮೊಳಗುವ ಶ್ರುತಿಗೆ ಈ ತೊಂದರೆ ಇಲ್ಲ.

ಸಣ್ಣ ಪೆಟ್ಟಿಗೆ, ದೊಡ್ಡ ದನಿ

ತಗ್ಗಿನ ಸ್ವರಕ್ಕೆ ಹೆಚ್ಚು ಗಾಳಿಯನ್ನು ತಳ್ಳಬೇಕು. ದನಿಯ ಮಟ್ಟ ಅಷ್ಟೇ ಇರಬೇಕೆಂದರೆ ಸ್ಥಾಯಿ ಒಂದು ಕೆಳಗಿಳಿದಾಗ ಸ್ಪೀಕರಿನ ಪೊರೆ ನಾಲ್ಕು ಪಟ್ಟು ಹೆಚ್ಚು ಅತ್ತಿತ್ತ ಓಡಾಡಬೇಕಾಗುತ್ತದೆ. ನಾಲ್ಕು ಸೆಂಟಿಮೀಟರಿನ ಪೊರೆಗೆ ಅಷ್ಟು ಜಾಗವಿಲ್ಲ. ಕಿರುಗಾತ್ರ, ಆಳವಾದ ಮಂದ್ರ, ಕಡಿಮೆ ವಿದ್ಯುತ್ತಿಗೆ ಜೋರು ದನಿ ಈ ಮೂರರಲ್ಲಿ ಎರಡನ್ನಷ್ಟೇ ಪಡೆಯಬಹುದು ಎಂಬುದು ಸ್ಪೀಕರ್ ವಿನ್ಯಾಸಕರು ಬಲ್ಲ ಹಳೆಯ ನಿಯಮ. ಇದರ ಸುತ್ತ ದಾರಿ ಹುಡುಕಲು ಎರಡು ಉಪಾಯ ಮಾಡುತ್ತಾರೆ. ಒಂದು, ತಂತಿಸುರುಳಿ ಇಲ್ಲದ ಮತ್ತೊಂದು ಪೊರೆಯನ್ನು ಪೆಟ್ಟಿಗೆಗೆ ಕೂರಿಸುವುದು. ಡೊಳ್ಳಿನ ಒಂದು ಮುಖಕ್ಕೆ ಗುಣಿ ಬಿದ್ದಾಗ ಇನ್ನೊಂದು ಮುಖವೂ ಅದುರುವ ಹಾಗೆ, ಒಳಗಿನ ಗಾಳಿಯ ಒತ್ತಡಕ್ಕೆ ಅದು ತಾನಾಗಿ ಅದುರಿ ತಗ್ಗಿನ ಸ್ವರಕ್ಕೆ ಬಲ ಕೊಡುತ್ತದೆ. ಗಾಳಿಗೆ ತೂತು ಬಿಡಬೇಕಾಗಿಲ್ಲದ್ದರಿಂದ ನೀರು ತಡೆಯಲೂ ಇದು ಅನುಕೂಲ. ಎರಡನೆಯದು, ಮೂಲ ಸ್ವರ ಇಲ್ಲದಿದ್ದರೂ ಅದರ ಮೇಲಿನ ಅನುಸ್ವರಗಳನ್ನು ಕೇಳಿಸಿದರೆ ಮಿದುಳು ಮೂಲವನ್ನು ತಾನೇ ತುಂಬಿಕೊಳ್ಳುತ್ತದೆ ಎಂಬ ಸತ್ಯದ ಬಳಕೆ.

ಸಂಗೀತ ಕಲಿಯುವವರಿಗೆ ಇದು ಎದ್ದು ಕಾಣುವ ಸಂಗತಿ. ಒಂದು ಮನೆ ಶ್ರುತಿಯಲ್ಲಿ ಗಂಡುದನಿಯ ಷಡ್ಜ ಸುಮಾರು 131 ಹರ್ಟ್ಸ್, ತಂಬೂರಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್. ಗೋ 2 ಮಾದರಿಯ ದನಿ ಶುರುವಾಗುವುದೇ 180 ಹರ್ಟ್ಸ್‌ನಿಂದ, ಗೋ 3ರದು 110ರಿಂದ, ಅರ್ಧ ಕಿಲೋ ಮೀರಿದ ಫ್ಲಿಪ್ 5ರದು 65ರಿಂದ. ಅಂದರೆ ಅಂಗೈ ಸ್ಪೀಕರಿನಲ್ಲಿ ತಂಬೂರಿ ಆ್ಯಪ್ ಹಾಕಿ ಅಭ್ಯಾಸಕ್ಕೆ ಕೂತವರು ಕೇಳುತ್ತಿರುವ ಮಂದ್ರ ಷಡ್ಜದ ಬಹುಭಾಗ ಅವರ ಕಿವಿ-ಮಿದುಳು ಕಟ್ಟಿಕೊಂಡದ್ದು. ಶ್ರುತಿ ತಪ್ಪುವುದಿಲ್ಲ, ತಂಬೂರಿಯ ತುಂಬುತನ ಮಾತ್ರ ಸಿಗುವುದಿಲ್ಲ. ಯಕ್ಷಗಾನದ ಚಂಡೆ, ಭಜನೆಯ ತಾಳ, ಹಾರ್ಮೋನಿಯಂ, ಹಾಡುವ ದನಿ ಚೆನ್ನಾಗಿ ಬರುತ್ತವೆ. ಡೊಳ್ಳು ಬರುವುದಿಲ್ಲ. ಎದೆಗೆ ಬಡಿಯಬೇಕಾದ ಅದರ ಗುಡುಗು ಇಲ್ಲಿ ರಟ್ಟಿನ ಪೆಟ್ಟಿಗೆ ತಟ್ಟಿದಂತಾಗುತ್ತದೆ.

ದೀಪಾವಳಿಯ ರಾತ್ರಿಗಳಲ್ಲಿ ಜ್ಯೋತಿ ಹಿಡಿದು ಮನೆಮನೆಗೆ ಹಾಡಿಕೊಂಡು ಹೋಗುವ ಅಂಟಿಗೆ-ಪಂಟಿಗೆ ಸೊರಬ, ಸಾಗರ ಸೀಮೆಯ ದೊಡ್ಡ ಹಾಡಿನ ಸಂಪತ್ತು. ಹಿರಿಯರು ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು, ಕಲಿಯುವವರು ಸುತ್ತ ಕೂತು ಮತ್ತೆ ಮತ್ತೆ ಕೇಳಲು ಈ ಕಿರು ಸ್ಪೀಕರಿಗಿಂತ ಅಗ್ಗದ, ತಕ್ಕ ಸಾಧನ ಇನ್ನೊಂದಿಲ್ಲ. ಮನುಷ್ಯದನಿಯ ಮಾತು ಸ್ಪಷ್ಟವಾಗಲು ಬೇಕಾದ ಸ್ವರಗಳೆಲ್ಲ ಇದರ ವ್ಯಾಪ್ತಿಯೊಳಗೇ ಬರುತ್ತವೆ. ಈ ಉಪಯೋಗ ಇನ್ನೂ ಹೆಚ್ಚಬೇಕು.

ಬಯಲಿನಲ್ಲಿ ದನಿ ಬೇಗ ಬಡವಾಗುತ್ತದೆ. ದೂರ ಎರಡು ಪಟ್ಟಾದರೆ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 85 ಡೆಸಿಬೆಲ್ ಕೊಡುವ ಸ್ಪೀಕರು 4 ಮೀಟರಿನಲ್ಲಿ 73, 16 ಮೀಟರಿನಲ್ಲಿ 61 ಕೊಡುತ್ತದೆ. ಅಡಿಕೆ ಸುಲಿಯುವ ಚಪ್ಪರದಲ್ಲಿ ಮೆಟ್ಟುಗತ್ತಿ ಮುಂದೆ ಕೂತ ಏಳೆಂಟು ಮಂದಿಗೆ ಇದು ಸಾಕು. ತಗಡಿನ ಸೂರಿನ ಮೇಲೆ ಮಳೆ ಜೋರಾಗಿ ಹೊಯ್ಯತೊಡಗಿದರೆ ಅಲ್ಲೂ ಸಾಲದು. ಹೋರಿ ಹಬ್ಬದ ಕಣಕ್ಕಾಗಲಿ, ಗಣಪತಿ ಮೆರವಣಿಗೆಗಾಗಲಿ, ಹೊಲದ ಹಂದಿ ಬೆದರಿಸಲಿಕ್ಕಾಗಲಿ ಇದು ಹುಟ್ಟಿಲ್ಲ. ಹಂದಿ ಕಾಯುವವರು ಬಳಸುವ, ಕೂಗು ತುಂಬಿಸಿಟ್ಟ ಕೊಂಬಿನ ಮೈಕು ಬೇರೆಯ ಜಾತಿ. ಅದು ಇಂಪನ್ನು ಬಿಟ್ಟುಕೊಟ್ಟು ದೂರವನ್ನು ಗಳಿಸಿದೆ.

ನೀರಿನ ಲೆಕ್ಕ

‘ಐಪಿಎಕ್ಸ್7’, ‘ಐಪಿ67’ ಎಂಬ ಗುರುತುಗಳು ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನಕದವು. ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. ‘ಎಕ್ಸ್’ ಇದ್ದರೆ ಆ ಪರೀಕ್ಷೆಯ ಫಲಿತಾಂಶವನ್ನು ಹೇಳಿಲ್ಲ ಎಂದರ್ಥ. ನೀರಿನ ಅಂಕಿ 4 ಎಂದರೆ ಎಲ್ಲ ಕಡೆಯಿಂದ ಎರಚಲು ತಡೆಯುತ್ತದೆ. 5 ಎಂದರೆ ನಿಮಿಷಕ್ಕೆ 12.5 ಲೀಟರ್, 6 ಎಂದರೆ ನಿಮಿಷಕ್ಕೆ 100 ಲೀಟರ್ ಚಿಮ್ಮುವ ಪೈಪಿನ ನೀರನ್ನು ತಡೆಯುತ್ತದೆ. 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ. 7 ಇದೆ ಎಂದಮಾತ್ರಕ್ಕೆ 5, 6 ತಾವಾಗಿ ಸೇರುವುದಿಲ್ಲ. ನಿಂತ ನೀರಿನಲ್ಲಿ ಮುಳುಗಿ ಉಳಿದದ್ದು ಮೋಟರಿನ ಪೈಪಿನ ರಭಸಕ್ಕೆ ಸೋಲಬಹುದು.

ಪರೀಕ್ಷೆ ನಡೆಯುವುದು ಹೊಸ ಸ್ಪೀಕರಿನ ಮೇಲೆ, ಸಿಹಿನೀರಿನಲ್ಲಿ. ಮುಳುಗಿಸುವಾಗ ನೀರಿಗೂ ಸಾಧನಕ್ಕೂ ಉಷ್ಣತೆಯ ವ್ಯತ್ಯಾಸ 5 ಡಿಗ್ರಿ ಮೀರಬಾರದು ಎಂಬ ನಿಯಮವಿದೆ. ಇದು ಯಾಕೆ ಮುಖ್ಯವೆಂದರೆ, ಬಿಸಿಲಿನಲ್ಲಿ ಕಾದ ಸ್ಪೀಕರನ್ನು ತಣ್ಣನೆಯ ಹೊಂಡಕ್ಕೆ ಹಾಕಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಎಳೆಯುತ್ತದೆ. ಅಂಥ ಎಳೆತಕ್ಕೆ ರಬ್ಬರಿನ ಬಿಗಿ ಸಾಕಾಗದೆ ಹೋಗಬಹುದು. ಅಡಿಕೆ ಬೇಯಿಸುವ ಹಂಡೆಯ ಆವಿ, ಸೋಪಿನ ನೀರು, ಸಮುದ್ರದ ಉಪ್ಪು ಇವು ಯಾವುವೂ ಈ ಪರೀಕ್ಷೆಯಲ್ಲಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣವೂ ಇಲ್ಲ. ತಾಮ್ರದ ಆ ಲವಣ ಚಾರ್ಜಿಂಗ್ ತೂತಿನ ಲೋಹದ ತುದಿಗಳಿಗೆ ಒಳ್ಳೆಯದಲ್ಲ. ಔಷಧಿ ಹೊಡೆಯುವ ದಿನ ಸ್ಪೀಕರನ್ನು ಮನೆಯಲ್ಲಿ ಬಿಡುವುದೇ ಸರಿ. ಹಸಿ ಅಡಿಕೆಯ ಚೊಗರು ಅಂಟಿದರೆ ಬಟ್ಟೆಯ ಹೊದಿಕೆಯಲ್ಲಿ ಕಲೆ ನಿಲ್ಲುತ್ತದೆ. ಅದು ಕೆಡುಕಲ್ಲ, ಅಂದಗೇಡು ಮಾತ್ರ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರೆಲ್ಲ ಮೀನಿಗಾಗಿ ಕೂಣಿ ಹಿಡಿದು ಇಳಿಯುವ ಕೆರೆಬೇಟೆ ಸೊರಬ, ಶಿಕಾರಿಪುರ, ಸಾಗರಗಳ ದೊಡ್ಡ ಸಂಭ್ರಮ. ಅಲ್ಲಿಗೆ ಒಯ್ದ ಸ್ಪೀಕರಿಗೆ ನೀರಿಗಿಂತ ಕೆಸರಿನ ಕಾಟ ಹೆಚ್ಚು. ನುಣ್ಣನೆಯ ಗೋಡು ಜಾಲರಿಯೊಳಗೆ ಸೇರಿ ಒಣಗಿದರೆ ಪೊರೆಯ ಅಂಚಿಗೆ ಗಟ್ಟಿಯಾಗಿ ಕೂರುತ್ತದೆ, ದನಿ ಒಡೆಯುತ್ತದೆ. ಕೆಸರು ಮೆತ್ತಿದರೆ ಒಣಗುವ ಮೊದಲೇ ಸಿಹಿನೀರಿನಲ್ಲಿ ಮೆಲ್ಲಗೆ ಅಲುಬಿ, ಜಾಲರಿ ಕೆಳಗೆ ಮಾಡಿ ನೀರು ಬಸಿದುಹೋಗಲು ಬಿಡಬೇಕು. ಕಡ್ಡಿಯಿಂದ ಕೆದಕಬಾರದು. ದೂಳು, ಕೆಸರಿನ ನಡುವೆ ದುಡಿಯುವವರು ಐಪಿಎಕ್ಸ್7ಕ್ಕಿಂತ ಐಪಿ67 ಇರುವುದನ್ನು ಆರಿಸಿಕೊಳ್ಳುವುದು ಮೇಲು. ಆ 6, ನುಣ್ಣನೆಯ ಪುಡಿ ತುಂಬಿದ ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸಿದ ಗುರುತು.

ನೆನೆದ ಮೇಲೆ ಸ್ವಲ್ಪ ಹೊತ್ತು ದನಿ ಮಂಕಾಗುವುದು ಸಹಜ, ಪೊರೆಯ ಮೇಲಿನ ನೀರು ಆರಿದಾಗ ಸರಿಯಾಗುತ್ತದೆ. ಚಾರ್ಜಿಂಗ್ ತೂತು ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಕೂಡದು. ಒದ್ದೆ ತೂತಿಗೆ ವಿದ್ಯುತ್ ಹರಿದರೆ ಲೋಹದ ತುದಿಗಳು ಬೇಗನೆ ಕಿಲುಬುತ್ತವೆ. ಆಷಾಢ-ಶ್ರಾವಣದ ಆರ್ದ್ರತೆಯಲ್ಲಿ ಒಣಗಲು ಒಂದು ರಾತ್ರಿ ಬೇಕಾದರೂ ಬೇಕು.

ನೀರು ತಡೆಯುವ ಈ ಹಟಕ್ಕೆ ಬಳಕೆದಾರ ಇನ್ನೊಂದು ಬೆಲೆಯನ್ನೂ ತೆರುತ್ತಾನೆ. ಹಳ್ಳಿಯ ಗಿರಾಕಿ ಕೇಳುವುದು ಮೆಮೊರಿ ಕಾರ್ಡಿನ ಸಂದು, ಪೆನ್‌ಡ್ರೈವ್ ತೂತು, ಎಫ್‌ಎಂ. ಪ್ರತಿ ತೂತೂ ನೀರಿಗೆ ಒಂದು ಬಾಗಿಲು. ಹಾಗಾಗಿ ಹೆಚ್ಚು ಭದ್ರವಾದ ಮಾದರಿಗಳಲ್ಲಿ ಇವು ಒಂದೊಂದಾಗಿ ಮಾಯವಾಗುತ್ತಿವೆ. ಗೋ 2ರಲ್ಲಿದ್ದ ವೈರಿನ ತೂತು, ಮಾತಾಡುವ ಮೈಕು ಎರಡೂ ಗೋ 3ರಲ್ಲಿ ಇಲ್ಲ. ಕಾರ್ಡು, ಎಫ್‌ಎಂ ಎಲ್ಲ ಇರುವ ಅಗ್ಗದ ಸ್ಪೀಕರಿನ ಮೇಲೆ ‘ವಾಟರ್‌ಪ್ರೂಫ್’ ಎಂದು ಬರೆದು, ಐಪಿ ಅಂಕಿ ಕೊಡದಿದ್ದರೆ ಆ ಮಾತನ್ನು ನಂಬಬೇಕಾಗಿಲ್ಲ.

ಬ್ಯಾಟರಿ

ಗೋ 2ರ ಬ್ಯಾಟರಿ 730 ಮಿಲಿಆಂಪಿಯರ್-ಗಂಟೆ, ಅಂದರೆ ಸುಮಾರು 2.7 ವ್ಯಾಟ್-ಗಂಟೆ. ಕಂಪನಿ ಹೇಳುವ 5 ಗಂಟೆ ನುಡಿಯಬೇಕಾದರೆ ಸರಾಸರಿ ಅರ್ಧ ವ್ಯಾಟಿಗಿಂತ ಸ್ವಲ್ಪ ಹೆಚ್ಚಷ್ಟೇ ಬಳಸಬೇಕು. ಪೆಟ್ಟಿಗೆ ಮೇಲಿನ ‘3 ವ್ಯಾಟ್’ ಗರಿಷ್ಠದ ಮಾತು. ಪೂರ್ತಿ ಜೋರು ಮಾಡಿ ಐದು ಗಂಟೆ ನಿರೀಕ್ಷಿಸುವುದು ಈ ಲೆಕ್ಕಕ್ಕೆ ನಿಲ್ಲುವುದಿಲ್ಲ. ಫ್ಲಿಪ್ 5ರ 4800 ಮಿಲಿಆಂಪಿಯರ್-ಗಂಟೆಗೂ 12 ಗಂಟೆಗೂ ಇದೇ ಲೆಕ್ಕ ಹಾಕಿದರೆ ಸರಾಸರಿ ಒಂದೂವರೆ ವ್ಯಾಟ್ ಬರುತ್ತದೆ, ಪೆಟ್ಟಿಗೆ ಹೇಳುವುದು 20 ವ್ಯಾಟ್. ಮೆಸ್ಕಾಂ ಕರೆಂಟು ಇಡೀ ರಾತ್ರಿ ಬಾರದ ದಿನ ಇದು ನೆನಪಿರಬೇಕು. ಎರಡು ಸೆಲ್ಲಿನಲ್ಲಿ ವಾರಗಟ್ಟಲೆ ಮಾತಾಡುತ್ತಿದ್ದ ಟ್ರಾನ್ಸಿಸ್ಟರು ಈ ಒಂದು ವಿಷಯದಲ್ಲಿ ಇಂದಿಗೂ ಮುಂದಿದೆ.

ಲಿಥಿಯಂ-ಅಯಾನ್ ಕೋಶ ಸಾಮಾನ್ಯವಾಗಿ 300ರಿಂದ 500 ಪೂರ್ಣ ಚಾರ್ಜುಗಳಲ್ಲಿ ತನ್ನ ಸಾಮರ್ಥ್ಯದ ಐದರಲ್ಲೊಂದು ಭಾಗ ಕಳೆದುಕೊಳ್ಳುತ್ತದೆ. ಬಿಸಿ ಅದರ ಶತ್ರು. ನಿಲ್ಲಿಸಿದ ಕಾರಿನೊಳಗೆ, ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಏಪ್ರಿಲ್ ಬಿಸಿಲಿಗೆ ಬಿಟ್ಟ ಸ್ಪೀಕರು ಮಳೆಗೆ ಸಿಕ್ಕಿದ್ದಕ್ಕಿಂತ ಬೇಗ ಮುದಿಯಾಗುತ್ತದೆ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ ತಣ್ಣನೆಯ ಜಾಗದಲ್ಲಿಡಬೇಕು.

ನೆರೆಮನೆ ಮತ್ತು ಕಾನೂನು

ಶಬ್ದಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್. ಖಾಸಗಿ ಸಾಧನದ ಸದ್ದು ಜಾಗದ ಗಡಿಯಲ್ಲಿ ಇದನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಮೇಲೆ ಕೊಟ್ಟ ಲೆಕ್ಕದಂತೆ, ರಾತ್ರಿ ಜಗಲಿಯಲ್ಲಿ ಪೂರ್ತಿ ಜೋರಾಗಿ ಹಾಕಿದ ಪುಟ್ಟ ಸ್ಪೀಕರು 16 ಮೀಟರ್ ಆಚೆಯ ಬೇಲಿಯಲ್ಲೂ ಕಾನೂನು ಮೀರಿರುತ್ತದೆ. ಸಣ್ಣದು ಎಂಬುದು ವಿನಾಯಿತಿಯಲ್ಲ. ಬಸ್ಸಿನಲ್ಲಿ ಮೊಬೈಲಿನ ಹಾಡು, ವಿಡಿಯೊಗಳನ್ನು ಜೋರಾಗಿ ಹಾಕುವುದನ್ನು ಹೈಕೋರ್ಟಿನ ಸೂಚನೆಯ ಮೇರೆಗೆ ಕೆಎಸ್‌ಆರ್‌ಟಿಸಿ 2021ರ ನವೆಂಬರಿನಲ್ಲಿ ನಿಷೇಧಿಸಿತು. ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದಲ್ಲಿ ಮಳೆಗಾಲದಿಂದ ನೀರುಹಕ್ಕಿಗಳು ಗೂಡು ಕಟ್ಟುತ್ತವೆ. ಅಲ್ಲಿಗೆ ಹೋಗುವವರು ಸ್ಪೀಕರನ್ನು ಚೀಲದಿಂದ ತೆಗೆಯಲೇಬಾರದು.

ಕೊಳ್ಳುವಾಗ, ಕೆಟ್ಟಾಗ

ಬ್ಲೂಟೂತ್ ಸ್ಪೀಕರು ಭಾರತೀಯ ಮಾನಕ ಬ್ಯೂರೊದ ಕಡ್ಡಾಯ ನೋಂದಣಿ ಪಟ್ಟಿಯಲ್ಲಿದೆ. ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಅದರ ಮೇಲೆ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಸಿಗುತ್ತದೆ. ಹೆಸರಾಂತ ಬ್ರ್ಯಾಂಡಿನ ನಕಲುಗಳು ಸಂತೆಯಲ್ಲಿ ಧಾರಾಳವಾಗಿರುವಾಗ ಇದೊಂದು ಸುಲಭದ ಪರೀಕ್ಷೆ. ಎರಡು ಸ್ಪೀಕರನ್ನು ಜೋಡಿಸಿ ಒಟ್ಟಿಗೆ ನುಡಿಸುವ ಆಸೆಯಿದ್ದರೆ ಒಂದೇ ಕಂಪನಿಯ, ಹೊಂದುವ ಮಾದರಿಗಳನ್ನೇ ಕೊಳ್ಳಬೇಕಾಗುತ್ತದೆ. 2022ರಲ್ಲಿ ಪ್ರಕಟವಾದ ಔರಾಕಾಸ್ಟ್ ವ್ಯವಸ್ಥೆ ಈ ಗೋಡೆಯನ್ನು ತೆಗೆಯಲು ಬಂದದ್ದು, ಆದರೆ ಹಳೆಯ ಸ್ಪೀಕರುಗಳಿಗೆ ಅದು ಸೇರುವುದಿಲ್ಲ.

ಈ ಸಾಧನದ ದೊಡ್ಡ ಕೊರತೆ ಕೆಟ್ಟಾಗ ಗೊತ್ತಾಗುತ್ತದೆ. ಟ್ರಾನ್ಸಿಸ್ಟರನ್ನು ಪೇಟೆಯ ರೇಡಿಯೊ ರಿಪೇರಿಯವರು ನಾಲ್ಕು ತಿರುಪು ಬಿಚ್ಚಿ ಸರಿಮಾಡುತ್ತಿದ್ದರು. ಇದನ್ನು ಅಂಟಿನಿಂದ ಮುಚ್ಚಿರುತ್ತಾರೆ. ಬಿಚ್ಚಿದರೆ ಬ್ಯಾಟರಿ ಬದಲಿಸಬಹುದು, ಆದರೆ ನೀರಿನ ಭದ್ರತೆ ಕಾರ್ಖಾನೆಯ ಮಟ್ಟಕ್ಕೆ ಮರಳುವ ಖಾತ್ರಿಯಿಲ್ಲ. ಒಳಗಿನ ಎಲ್ಲವೂ ಚೆನ್ನಾಗಿದ್ದು, ಬ್ಯಾಟರಿಯೊಂದು ಸೊರಗಿದ್ದಕ್ಕೆ ಇಡೀ ಸ್ಪೀಕರು ಕಸಕ್ಕೆ ಹೋಗುವುದು ಅನ್ಯಾಯ. ಐರೋಪ್ಯ ಒಕ್ಕೂಟ 2023ರ ತನ್ನ ಬ್ಯಾಟರಿ ಕಾಯ್ದೆಯಲ್ಲಿ, 2027ರ ಫೆಬ್ರವರಿಯಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ಬದಲಿಸುವಂತಿರಬೇಕು ಎಂದು ವಿಧಿಸಿದೆ. ಮುಖ್ಯವಾಗಿ ನೀರಿನಲ್ಲೇ ಬಳಸುವ, ತೊಳೆಯುವ ಸಾಧನಗಳಿಗೆ ಸಡಿಲಿಕೆಯನ್ನೂ ಇಟ್ಟಿದೆ. ಭಾರತ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಇಲ್ಲಿ ಬ್ಯಾಟರಿ ಬದಲಿಕೆಗೆ ಅಂಥ ಕಡ್ಡಾಯ ಬರುವವರೆಗೆ ಗಿರಾಕಿಯ ಪ್ರಶ್ನೆಯೇ ಒತ್ತಡ. ಶಿರಾಳಕೊಪ್ಪದಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಸ್ಪೀಕರ್ ಕೊಳ್ಳುವವರು ವ್ಯಾಟು, ಬಣ್ಣ ಕೇಳುವ ಮೊದಲು, ಬ್ಯಾಟರಿ ಹೋದರೆ ಎಲ್ಲಿ ಹಾಕಿಸಿಕೊಡುತ್ತೀರಿ, ಎಷ್ಟಾಗುತ್ತದೆ ಎಂದು ಕೇಳಿ. ಉತ್ತರ ಕೊಡುವ ಕಂಪನಿಯದನ್ನೇ ಕೊಳ್ಳಿ. ಸತ್ತ ಸ್ಪೀಕರನ್ನು ತಿಪ್ಪೆಗೆ ಎಸೆಯಬೇಡಿ, ಬೆಂಕಿಗಂತೂ ಹಾಕಲೇಬೇಡಿ. ಇ-ತ್ಯಾಜ್ಯ ಪಡೆಯುವ ಅಂಗಡಿ ಅಥವಾ ಸಂಗ್ರಹ ಕೇಂದ್ರಕ್ಕೆ ತಲುಪಿಸಿ.